ಹಳೆಯ ಅಂಬಾಸಿಡರ್‌ನ ಗೇರ್ ಬಾಕ್ಸ್ ಸದ್ದು: ಬಿಚ್ಚುವ ಮೊದಲು ದೋಷ ಪತ್ತೆ ಹಚ್ಚುವ ಕ್ರಮ

ಹಳೆಯ ಕಾರಿನ ಹೊಟ್ಟೆಯ ಕೆಳಗಿನಿಂದ ಸದ್ದು ಬರತೊಡಗಿದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಗ್ಯಾರೇಜುಗಳಲ್ಲಿ ಮೊದಲು ಕೇಳಿಬರುವ ಮಾತು 'ಗೇರ್ ಬಾಕ್ಸ್ ಹೋಗೇತ್ರೀ' ಎಂಬುದು. ಹಾಗೆ ಹೇಳಿಸಿಕೊಂಡು ಬಂದ ಕಾರುಗಳಲ್ಲಿ ಬಹಳಷ್ಟಕ್ಕೆ ಗೇರ್ ಬಾಕ್ಸ್‌ನಲ್ಲಿ ದೋಷವೇ ಇರುವುದಿಲ್ಲ. ಸದ್ದು ಕ್ಲಚ್‌ನಿಂದಲೋ, ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲಾದ ಕ್ರಾಸ್‌ನಿಂದಲೋ, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫ್ರೆನ್ಷಿಯಲ್‌ನಿಂದಲೋ, ಕಡೆಗೆ ಹಿಂದಿನ ಚಕ್ರದ ಬೇರಿಂಗ್‌ನಿಂದಲೋ ಹೊರಟು, ಚಾಸಿಯ ಕಬ್ಬಿಣದ ಮೂಲಕ ಹರಿದು, ಚಾಲಕನ ಕಾಲ ಬಳಿಯಲ್ಲೇ ಹುಟ್ಟಿದಂತೆ ಕೇಳಿಸುತ್ತದೆ. ಅಂಬಾಸಿಡರ್‌ನ ತಯಾರಿಕೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 2014ರಲ್ಲಿಯೇ ನಿಂತಿರುವುದರಿಂದ ಒಳ್ಳೆಯ ಬಿಡಿಭಾಗ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಐವತ್ತು ವರ್ಷ ಸರಿಯಾಗಿ ಕುಳಿತಿದ್ದ ಗೇರುಗಳನ್ನು ಕಾರಣವಿಲ್ಲದೆ ಬಿಚ್ಚಿ ಜೋಡಿಸಿದರೆ, ಮೊದಲಿಲ್ಲದ ಸದ್ದು ಆಮೇಲೆ ಹುಟ್ಟುವುದೂ ಉಂಟು. ಆದ್ದರಿಂದ ಸದ್ದು ಯಾವ ಸ್ಥಿತಿಯಲ್ಲಿ ಬರುತ್ತದೆ, ಯಾವ ಸ್ಥಿತಿಯಲ್ಲಿ ನಿಲ್ಲುತ್ತದೆ ಎಂಬುದು ಖಚಿತವಾಗುವ ತನಕ ಒಂದು ಬೋಲ್ಟನ್ನೂ ಸಡಿಲಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಲ್ಲಿ ವಿವರಿಸುವ ಕ್ರಮವು 1489 ಸಿಸಿ ಪೆಟ್ರೋಲ್ ಎಂಜಿನ್ ಹಾಗೂ ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಲಿವರ್ ಇರುವ ಹಳೆಯ ಅಂಬಾಸಿಡರ್ ಮಾದರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಪ್ರೀಮಿಯರ್ ಪದ್ಮಿನಿಯೂ ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ ಎಂಬ ವ್ಯವಸ್ಥೆಯ ಕಾರೇ ಆದ್ದರಿಂದ, ತಾರ್ಕಿಕ ಕ್ರಮವು ಅದಕ್ಕೂ ಹೆಚ್ಚುಕಡಿಮೆ ಹೊಂದುತ್ತದೆ.

ಸಹಜವಾದ ಸದ್ದು ಯಾವುದು

ಈ ಕಾರಿನ ನಾಲ್ಕು ಗೇರುಗಳಲ್ಲಿ ಎರಡು, ಮೂರು ಮತ್ತು ನಾಲ್ಕಕ್ಕೆ ಮಾತ್ರ ಸಿಂಕ್ರೋಮೆಶ್ (ಹಲ್ಲುಗಳು ಕೂಡುವ ಮೊದಲು ವೇಗ ಸರಿಹೊಂದಿಸುವ ವ್ಯವಸ್ಥೆ) ಇದೆ, ಮೊದಲನೆಯದಕ್ಕೆ ಇಲ್ಲ. ಮೊದಲ ಗೇರು ಮತ್ತು ರಿವರ್ಸ್ ಗೇರಿನ ಹಲ್ಲುಗಳು ನೇರವಾಗಿ ಕಡಿದವು, ಉಳಿದವು ಓರೆಯಾಗಿ ಕಡಿದವು. ನೇರ ಹಲ್ಲುಗಳು ಒಂದನ್ನೊಂದು ಪೂರ್ಣ ಅಗಲದಲ್ಲಿ ಒಮ್ಮೆಲೇ ತಾಗುವುದರಿಂದ, ಮೊದಲ ಗೇರಿನಲ್ಲಿ ಹಾಗೂ ಹಿಂದಕ್ಕೆ ತೆಗೆಯುವಾಗ ಗಟ್ಟಿಯಾಗಿ ಕೂಗುವುದು ಈ ಗೇರ್ ಬಾಕ್ಸಿನ ಹುಟ್ಟುಗುಣವೇ ಹೊರತು ರೋಗವಲ್ಲ. ಚಲಿಸುತ್ತಿರುವಾಗಲೇ ಎರಡರಿಂದ ಒಂದಕ್ಕೆ ಇಳಿಸಿದರೆ 'ಕರ್' ಎಂದು ಹಲ್ಲು ಕಡಿಯುವುದೂ ಅಷ್ಟೇ. ಹೊಸ ಕಾರುಗಳನ್ನು ಓಡಿಸಿ ಅಭ್ಯಾಸವಾದವರು ಪೂರ್ವಜರ ಅಂಬಾಸಿಡರನ್ನು ಹೊರಗೆ ತೆಗೆದಾಗ ಮೊದಲು ಗಾಬರಿಯಾಗುವುದು ಈ ಕೂಗಿಗೆ. ಕೂಗು ಮೂರನೆಯ ಗೇರಿನಲ್ಲಿಯೂ ಅದೇ ಜೋರಿನಲ್ಲಿ ಇದೆಯೆಂದರೆ ಆಗ ಮುಂದಿನ ಪರೀಕ್ಷೆಗೆ ಹೋಗಬೇಕು.

ನಿಂತಲ್ಲಿಯೇ ಮಾಡುವ ಪರೀಕ್ಷೆ

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್ ಪೆಡಲಿನ ಮೇಲಿಂದ ಕಾಲು ತೆಗೆದು ಕೇಳಬೇಕು. ಈ ಸ್ಥಿತಿಯಲ್ಲಿ ಎಂಜಿನ್ನಿನಿಂದ ಬರುವ ಇನ್‌ಪುಟ್ ಶಾಫ್ಟ್ ತಿರುಗುತ್ತಿರುತ್ತದೆ, ಅದರೊಂದಿಗೆ ಕೆಳಗಿನ ಲೇ ಶಾಫ್ಟ್ ಗೇರುಗಳೂ ತಿರುಗುತ್ತಿರುತ್ತವೆ. ಹಿಂದಕ್ಕೆ ಹೋಗುವ ಮೇನ್ ಶಾಫ್ಟ್ ಮಾತ್ರ ನಿಂತಿರುತ್ತದೆ. ಈಗ ಕೇಳುವ ಗರಗರ ಸದ್ದು ಕ್ಲಚ್ ಪೂರ್ತಿ ಒತ್ತಿದಾಗ ನಿಂತುಹೋದರೆ, ಇನ್‌ಪುಟ್ ಶಾಫ್ಟಿನ ಬಾಲ್ ಬೇರಿಂಗ್ ಅಥವಾ ಲೇ ಶಾಫ್ಟಿನ ಸೂಜಿ ರೋಲರುಗಳ ಮೇಲೆ ಅನುಮಾನ ಪಡಬೇಕು. ಆದರೆ ತೀರ್ಮಾನಕ್ಕೆ ಬರುವ ಮೊದಲು ಕಾರ್ಬೊರೇಟರನ್ನು ನೋಡುವುದು ಅಗತ್ಯ. ಎಂಜಿನ್ ನಿಧಾನಗತಿಯಲ್ಲಿ ಏರುಪೇರಾಗಿ ಓಡುತ್ತಿದ್ದರೆ, ಒಳ್ಳೆಯ ಗೇರುಗಳೂ ತಮ್ಮ ನಡುವಿನ ಸಹಜ ಸಂದಿನಲ್ಲಿ ಹಿಂದೆಮುಂದೆ ಬಡಿದುಕೊಂಡು ಸದ್ದು ಮಾಡುತ್ತವೆ. ಐಡ್ಲಿಂಗ್ ಸರಿಪಡಿಸಿದ ಕೂಡಲೇ ಸದ್ದು ಅರ್ಧಕ್ಕಿಳಿದರೆ ಗೇರ್ ಬಾಕ್ಸಿಗೆ ಕೈಹಾಕುವ ಕಾರಣವಿಲ್ಲ. ಕ್ಲಚ್ ಪ್ಲೇಟಿನ ನಡುವಿನ ಸ್ಪ್ರಿಂಗುಗಳು ಮುರಿದಿದ್ದಾಗಲೂ ಇದೇ ರೀತಿಯ ಬಡಿತ ಕೇಳುತ್ತದೆ.

ಇದಕ್ಕೆ ವಿರುದ್ಧವಾಗಿ, ಕ್ಲಚ್ ಒತ್ತಿದಾಗಲೇ ಸದ್ದು ಹುಟ್ಟಿದರೆ ಅದು ಗೇರ್ ಬಾಕ್ಸಿನದಲ್ಲ. ಇಲ್ಲಿ ಎರಡು ಸಾಧ್ಯತೆಗಳನ್ನು ಬೇರ್ಪಡಿಸಬೇಕು. ಪೆಡಲನ್ನು ಹಗುರಾಗಿ ಮುಟ್ಟಿದ ಕೂಡಲೇ, ಕ್ಲಚ್ ಇನ್ನೂ ಎಂಜಿನ್ನನ್ನು ಬೇರ್ಪಡಿಸುವ ಮೊದಲೇ, ಉಜ್ಜುವ ಸದ್ದು ಬಂದರೆ ಅದು ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳುವ ರಿಲೀಸ್ ಬೇರಿಂಗಿನದು. ಹಳೆಯ ಅಂಬಾಸಿಡರುಗಳಲ್ಲಿ ಇದು ಕಾರ್ಬನ್ ಉಂಗುರ. ಕಾರ್ಬನ್ ಪೂರ್ತಿ ಸವೆದು ಅದರ ಲೋಹದ ಬಟ್ಟಲು ಪ್ಲೇಟಿಗೆ ತಾಗತೊಡಗಿದರೆ ಸದ್ದು ಕರ್ಕಶವಾಗುತ್ತದೆ, ಆಗ ತಡಮಾಡಿದರೆ ಪ್ರೆಷರ್ ಪ್ಲೇಟೂ ಹಾಳಾಗುತ್ತದೆ. ಆದರೆ ಪೆಡಲ್ ಪೂರ್ತಿ ಕೆಳಗೆ ಹೋದ ಮೇಲೆ, ಅದೂ ಕ್ಷಣಕಾಲ ಕಳೆದ ನಂತರ, ಕೀಚಲು ದನಿ ಶುರುವಾದರೆ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಇನ್‌ಪುಟ್ ಶಾಫ್ಟಿನ ಮೂತಿಯನ್ನು ಹಿಡಿಯುವ ಸಣ್ಣ ಬುಷ್ ಒಣಗಿದೆ ಎಂದು ತಿಳಿಯಬೇಕು. ಆ ಬುಷ್ ಸದ್ದು ಮಾಡಬೇಕಾದರೆ ಕ್ರ್ಯಾಂಕ್ ತಿರುಗುತ್ತಿರಬೇಕು, ಇನ್‌ಪುಟ್ ಶಾಫ್ಟ್ ನಿಂತಿರಬೇಕು. ಅದಕ್ಕೇ ಕ್ಲಚ್ ಒತ್ತಿಕೊಂಡು ಗೇರ್ ಹಾಕಿ, ಕಾರನ್ನು ನಿಲ್ಲಿಸಿಯೇ ಇಟ್ಟುಕೊಂಡರೆ ಈ ದನಿ ಅತ್ಯಂತ ಸ್ಪಷ್ಟವಾಗಿ ಕೇಳುತ್ತದೆ.

ಸ್ಟೇರಿಂಗ್ ಕಾಲಮ್ಮಿನಿಂದ ಗೇರ್ ಬಾಕ್ಸಿನವರೆಗೆ ಹೋಗುವ ಸರಳುಗಳ ಬುಷ್ ಸವೆದು ಅವು ಗಲಗಲ ಅಲುಗುವುದನ್ನೂ ಈ ಹಂತದಲ್ಲಿಯೇ ಪರಿಶೀಲಿಸಬೇಕು. ಎಂಜಿನ್ ಓಡುತ್ತಿರುವಾಗ ಒಬ್ಬರು ಗೇರ್ ಲಿವರನ್ನು ಬಿಗಿಯಾಗಿ ಹಿಡಿದ ಕೂಡಲೇ ಸದ್ದು ನಿಂತರೆ ಕೆಲಸ ಮುಗಿದಂತೆ.

ರಸ್ತೆಯ ಮೇಲಿನ ಪರೀಕ್ಷೆ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಇದಕ್ಕೆ ಬೇಕಾದದ್ದು ವಾಹನ ದಟ್ಟಣೆ ಕಡಿಮೆ ಇರುವ, ನೇರವಾದ, ಮಟ್ಟಸವಾದ ರಸ್ತೆ. ಹುಬ್ಬಳ್ಳಿಯಿಂದ ಅಣ್ಣಿಗೇರಿಯ ಮೇಲೆ ಗದಗಿಗೆ ಹೋಗುವ ದಾರಿಯಲ್ಲಿ, ಎರಿ (ಕಪ್ಪು ಮಣ್ಣಿನ) ಹೊಲಗಳ ನಡುವಿನ ನೇರ ಭಾಗಗಳು ಬೆಳಗಿನ ಹೊತ್ತಿನಲ್ಲಿ ಇದಕ್ಕೆ ಬಹಳ ಅನುಕೂಲ. ಹುಬ್ಬಳ್ಳಿ-ಧಾರವಾಡ ನಡುವಿನ ರಸ್ತೆ ಇದಕ್ಕೆ ಸಲ್ಲದು. ಅಲ್ಲಿ ಬಸ್ಸುಗಳ ಸದ್ದಿನಲ್ಲಿ ಏನೂ ಕೇಳುವುದಿಲ್ಲ, ಒಂದೇ ವೇಗವನ್ನು ಹಿಡಿದುಕೊಳ್ಳುವುದಕ್ಕೂ ಆಗುವುದಿಲ್ಲ. ಓಡಿಸುವವರೊಬ್ಬರು, ಹಿಂದಿನ ಸೀಟಿನಲ್ಲಿ ಕುಳಿತು ಕೇಳುವವರೊಬ್ಬರು ಬೇಕು. ಕೇಳುವವರು ಕಾಗದದ ಮೇಲೆ ಗೇರು, ವೇಗ, ಆಕ್ಸಿಲರೇಟರ್ ಒತ್ತಿದೆಯೋ ಬಿಟ್ಟಿದೆಯೋ ಎಂಬುದನ್ನು ಬರೆದುಕೊಳ್ಳುತ್ತಾ ಹೋಗಬೇಕು, ಏಕೆಂದರೆ ಗ್ಯಾರೇಜಿಗೆ ಮರಳುವ ಹೊತ್ತಿಗೆ ನೆನಪು ಗೊಂದಲವಾಗಿರುತ್ತದೆ.

ಮೊದಲು ಟಾಪ್ ಗೇರಿನಲ್ಲಿ, ಅಂದರೆ ನಾಲ್ಕನೆಯದರಲ್ಲಿ, ಕೇಳಬೇಕು. ಟಾಪ್ ಗೇರಿನಲ್ಲಿ ಇನ್‌ಪುಟ್ ಶಾಫ್ಟ್ ಮತ್ತು ಮೇನ್ ಶಾಫ್ಟ್ ನೇರವಾಗಿ ಕೂಡಿಕೊಳ್ಳುತ್ತವೆ. ಶಕ್ತಿಯು ಲೇ ಶಾಫ್ಟಿಗೆ ಇಳಿಯದೆ ಸೀದಾ ಹಿಂದಕ್ಕೆ ಹೋಗುತ್ತದೆ. ಲೇ ಶಾಫ್ಟ್ ಸುಮ್ಮನೆ ತಿರುಗುತ್ತಿರುತ್ತದೆಯೇ ಹೊರತು ಅದರ ಮೇಲೆ ಹೊರೆ ಇರುವುದಿಲ್ಲ. ಆದ್ದರಿಂದ ಒಂದು, ಎರಡು, ಮೂರರಲ್ಲಿ ಗುರುಗುಟ್ಟುವ ಸದ್ದು ಟಾಪಿಗೆ ಹಾಕಿದ ಕೂಡಲೇ ಇಳಿದುಹೋದರೆ, ದೋಷವಿರುವುದು ಲೇ ಶಾಫ್ಟಿನ ಬೇರಿಂಗಿನಲ್ಲಿ ಅಥವಾ ಇನ್‌ಪುಟ್ ಬೇರಿಂಗಿನಲ್ಲಿ ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಇವೆರಡರಲ್ಲಿ ಯಾವುದು ಎಂದು ಹೊರಗಿನಿಂದ ಬಿಡಿಸಿ ನೋಡುವ ಶ್ರಮಕ್ಕೆ ಅರ್ಥವಿಲ್ಲ, ಏಕೆಂದರೆ ಎರಡಕ್ಕೂ ಗೇರ್ ಬಾಕ್ಸ್ ಇಳಿಸಲೇಬೇಕು, ಇಳಿಸಿದ ಮೇಲೆ ಎರಡನ್ನೂ ಬದಲಿಸುವುದೇ ಜಾಣತನ. ಸದ್ದು ಒಂದೇ ಒಂದು ಗೇರಿನಲ್ಲಿ ಮಾತ್ರ ಇದ್ದರೆ ಆ ಗೇರಿನ ಹಲ್ಲುಗಳು ಸವೆದಿವೆ. ಸಮಾನ ಅಂತರದಲ್ಲಿ 'ಟಕ್, ಟಕ್' ಎಂದು ಬಡಿದರೆ ಹಲ್ಲೊಂದು ಚಕ್ಕೆ ಎದ್ದಿದೆ. ಆ ಸ್ಥಿತಿಯಲ್ಲಿ ಕಾರನ್ನು ಮುಂದೆ ಓಡಿಸಬಾರದು. ಕಳಚಿದ ಚೂರು ಬೇರೆ ಎರಡು ಗೇರುಗಳ ನಡುವೆ ಸಿಕ್ಕಿದರೆ ಕವಚವೇ ಸೀಳಬಹುದು.

ಈಗ ಸದ್ದು ಎಲ್ಲ ಗೇರುಗಳಲ್ಲಿಯೂ, ಟಾಪಿನಲ್ಲಿಯೂ ಒಂದೇ ತೆರನಾಗಿದೆ ಎಂದುಕೊಳ್ಳೋಣ. ಆಗ ಗಂಟೆಗೆ 50 ಕಿಲೋಮೀಟರಿನ ಆಸುಪಾಸಿನಲ್ಲಿ ನ್ಯೂಟ್ರಲ್ ಮಾಡಿ, ಎಂಜಿನ್ನನ್ನು ಐಡ್ಲಿಂಗಿಗೆ ಬಿಟ್ಟು, ಕಾರು ತಾನಾಗಿ ಉರುಳಲು ಬಿಡಬೇಕು. ಎಂಜಿನ್ ವೇಗ ಕುಸಿದರೂ ಸದ್ದು ಹಾಗೆಯೇ ಮುಂದುವರಿದು, ಕಾರು ನಿಧಾನವಾದಂತೆ ಮಾತ್ರ ಇಳಿದರೆ, ಅದು ರಸ್ತೆಯ ವೇಗಕ್ಕೆ ಕಟ್ಟಿಬಿದ್ದ ಸದ್ದು: ಗೇರ್ ಬಾಕ್ಸಿನ ಹಿಂಬದಿ ಬೇರಿಂಗ್, ಪ್ರೊಪೆಲ್ಲರ್ ಶಾಫ್ಟ್, ಡಿಫ್ರೆನ್ಷಿಯಲ್, ಚಕ್ರದ ಬೇರಿಂಗ್ ಅಥವಾ ಟೈರು. ಎಂಜಿನ್ ಇಳಿದ ಕೂಡಲೇ ಸದ್ದೂ ಇಳಿದರೆ ಮುಂಭಾಗದಲ್ಲಿಯೇ ಹುಡುಕಬೇಕು. ಈ ಪರೀಕ್ಷೆಯನ್ನು ಇಳಿಜಾರಿನಲ್ಲಿ ಎಂದಿಗೂ ಮಾಡಬಾರದು. ಎಂಜಿನ್ನಿನ ಹಿಡಿತವಿಲ್ಲದಾಗ ಹಳೆಯ ಡ್ರಮ್ ಬ್ರೇಕುಗಳು ಬೇಗ ಬಿಸಿಯಾಗುತ್ತವೆ.

ಟೈರಿನ ಸದ್ದನ್ನು ಬೇರ್ಪಡಿಸುವುದು ಸುಲಭ. ಹುಬ್ಬಳ್ಳಿಯ ಒಳಗೆ ಕಾಂಕ್ರೀಟ್ ರಸ್ತೆಗಳಾಗಿವೆ, ಹೊರಗೆ ಡಾಂಬರು ಇದೆ; ಒಂದರಿಂದ ಇನ್ನೊಂದಕ್ಕೆ ದಾಟಿದಾಗ ದನಿ ಬದಲಾದರೆ ಅದು ಟೈರಿನದು. ಡಿಫ್ರೆನ್ಷಿಯಲ್ಲಿನ ಕೂಗಿಗೆ ರಸ್ತೆಯ ಮೇಲ್ಮೈ ಗೊತ್ತಾಗುವುದಿಲ್ಲ, ಆದರೆ ಆಕ್ಸಿಲರೇಟರ್ ಗೊತ್ತಾಗುತ್ತದೆ. ಅದರೊಳಗಿನ ದೊಡ್ಡ ಗೇರಾದ ಕ್ರೌನ್ ಮತ್ತು ಅದನ್ನು ತಿರುಗಿಸುವ ಸಣ್ಣ ಗೇರಾದ ಪಿನಿಯನ್ನಿನ ಹಲ್ಲುಗಳು ಎಂಜಿನ್ ಎಳೆಯುವಾಗ ಒಂದು ಮುಖದಲ್ಲಿ, ಆಕ್ಸಿಲರೇಟರ್ ಬಿಟ್ಟಾಗ ಇನ್ನೊಂದು ಮುಖದಲ್ಲಿ ತಾಗುವುದರಿಂದ, ಎಳೆಯುವಾಗ ಕೂಗಿ ಬಿಟ್ಟಾಗ ಸುಮ್ಮನಾಗುವ ಅಥವಾ ಅದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುವ ಕೂಗು ಹಲ್ಲುಗಳ ಹೊಂದಾಣಿಕೆ ತಪ್ಪಿದ್ದರ ಗುರುತು. ಎರಡೂ ಸ್ಥಿತಿಯಲ್ಲಿ ಬೀಸುಕಲ್ಲಿನಂತೆ ಗುರುಗುಟ್ಟಿದರೆ ಪಿನಿಯನ್ನಿನ ಬೇರಿಂಗುಗಳು ಹೋಗಿವೆ. ನೇರ ಹೋಗುವಾಗ ಇಲ್ಲದ ಸದ್ದು ಬಿಗಿಯಾದ ತಿರುವಿನಲ್ಲಿ ಮಾತ್ರ ಬಂದರೆ ತಿರುವಿನಲ್ಲಿ ಎರಡು ಚಕ್ರಗಳಿಗೆ ಬೇರೆ ಬೇರೆ ವೇಗ ಕೊಡುವ ಒಳಗಿನ ಸ್ಟಾರ್ ಪಿನಿಯನ್ನುಗಳನ್ನು ನೋಡಬೇಕು. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವವರಿಗೆ ಬಿಟ್ಟಾಗಿನ ಸದ್ದನ್ನು ದೀರ್ಘಕಾಲ ಕೇಳುವ ಅವಕಾಶ ತಾನಾಗಿಯೇ ಒದಗುತ್ತದೆ, ಏಕೆಂದರೆ ಅಲ್ಲಿ ಹೇಗೂ ಗೇರಿನ ಹಿಡಿತದಲ್ಲಿಯೇ ಇಳಿಯಬೇಕು.

ಚಕ್ರದ ಬೇರಿಂಗಿಗೆ ತಿರುವೇ ಪರೀಕ್ಷೆ. ರಾಣೆಬೆನ್ನೂರು ಕಡೆಯಿಂದ ಬಂದ ಮಾರ್ಕ್-2 ಅಂಬಾಸಿಡರ್ ಒಂದರಲ್ಲಿ, ಗೇರ್ ಬಾಕ್ಸ್ ಇಳಿಸಲೇಬೇಕೆಂದು ಬೇರೆ ಗ್ಯಾರೇಜಿನಲ್ಲಿ ಹೇಳಿ ಕಳಿಸಿದ್ದರು. 45ರ ವೇಗ ದಾಟಿದ ಮೇಲೆ 'ಗುಂಯ್' ಎನ್ನುವ ಏಕನಾದ. ನ್ಯೂಟ್ರಲ್ ಮಾಡಿದರೂ ಅದೇ, ಎಳೆದರೂ ಅದೇ, ಬಿಟ್ಟರೂ ಅದೇ. ಕಲಘಟಗಿ ರಸ್ತೆಯ ತಿರುವುಗಳಲ್ಲಿ ಓಡಿಸಿದಾಗ, ಬಲಕ್ಕೆ ಹೊರಳಿದಾಗ ನಾದ ಏರುತ್ತಿತ್ತು, ಎಡಕ್ಕೆ ಹೊರಳಿದಾಗ ಅಡಗುತ್ತಿತ್ತು. ಹಿಂದೆ ಕುಳಿತಿದ್ದ ಮಿಸ್ತ್ರಿ, "ಸಾಹೇಬ್ರ, ಬಲಕ್ಕ ಹೊಳ್ಳಿದಾಗ ಭಾರ ಎಡಗಾಲಿ ಮ್ಯಾಲ ಬೀಳ್ತೇತಿ, ಎಡಗಾಲಿನ ಬಿಚ್ಚೋಣ್ರೀ" ಎಂದರು. ಎಡಗಡೆಯ ಹಿಂದಿನ ಬೇರಿಂಗ್ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದಾಗ, ಗುಂಡುಗಳು ಓಡುವ ಹೊಳಪು ದಾರಿಯ ಒಂದು ಕಡೆಯಲ್ಲಿ, ಸುಮಾರು ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ, ಬೂದುಬಣ್ಣದ ಸಣ್ಣ ಸಣ್ಣ ಕುಳಿಗಳಿದ್ದವು. ಉಗುರನ್ನು ಅದರ ಮೇಲೆ ಎಳೆದರೆ ತಡೆಯುತ್ತಿತ್ತು. ಒಂದು ಬೇರಿಂಗ್ ಮತ್ತು ಒಂದು ಆಯಿಲ್ ಸೀಲ್ ಬದಲಾಯಿತು. ಗೇರ್ ಬಾಕ್ಸನ್ನು ಯಾರೂ ಮುಟ್ಟಲಿಲ್ಲ.

ನಡಿಗೆಯ ವೇಗದಲ್ಲಿ ಎಣಿಸುವುದು

ಬಡಿತದ ರೂಪದ ಸದ್ದಿಗೆ ಇನ್ನೊಂದು ಉಪಾಯವಿದೆ, ಅದಕ್ಕೆ ಯಾವ ಉಪಕರಣವೂ ಬೇಡ. 15 ಇಂಚಿನ ರಿಮ್ಮಿನ ಅಂಬಾಸಿಡರ್ ಚಕ್ರದ ಸುತ್ತಳತೆ ಸುಮಾರು ಎರಡು ಮೀಟರ್. ಗಂಟೆಗೆ 5 ಕಿಲೋಮೀಟರ್, ಅಂದರೆ ಪಕ್ಕದಲ್ಲಿ ಒಬ್ಬರು ನಡೆದು ಬರಬಹುದಾದ ವೇಗದಲ್ಲಿ, ಚಕ್ರ ನಿಮಿಷಕ್ಕೆ ಸುಮಾರು 40 ಸುತ್ತು ಹಾಕುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಚಕ್ರದ ಒಂದು ಸುತ್ತಿಗೆ ನಾಲ್ಕಕ್ಕೂ ಹೆಚ್ಚು ಸುತ್ತು ಹಾಕುವುದರಿಂದ ಅದು ನಿಮಿಷಕ್ಕೆ 160ಕ್ಕಿಂತ ಹೆಚ್ಚು ಸಲ ತಿರುಗುತ್ತದೆ. ಹೀಗಾಗಿ ಸೆಕೆಂಡಿಗೆ ಒಂದಕ್ಕಿಂತ ಕಡಿಮೆ ಬಡಿತ ಕೇಳಿದರೆ ಅದು ಚಕ್ರ, ಬ್ರೇಕ್ ಡ್ರಮ್ ಅಥವಾ ಕ್ರೌನ್ ಚಕ್ರದ್ದು. ಸೆಕೆಂಡಿಗೆ ಮೂರರ ಆಸುಪಾಸಿನಲ್ಲಿ ಬಂದರೆ ಪ್ರೊಪೆಲ್ಲರ್ ಶಾಫ್ಟ್ ಅಥವಾ ಪಿನಿಯನ್ನಿನದು. ಗಡಿಯಾರ ಹಿಡಿದು ಹದಿನೈದು ಸೆಕೆಂಡು ಎಣಿಸಿದರೆ ಸಾಕು, ಎರಡರ ನಡುವೆ ಗೊಂದಲಕ್ಕೆ ಎಡೆಯೇ ಉಳಿಯುವುದಿಲ್ಲ. ಇಷ್ಟು ಸರಳವಾದ ಲೆಕ್ಕವನ್ನು ಬಹಳ ಜನ ಬಳಸದಿರುವುದು ನನಗೆ ಖೇದದ ಸಂಗತಿ.

ಇದೇ ವೇಗದಲ್ಲಿ ಕೀಚ್ ಕೀಚ್ ಎಂದು ಕೇಳುವ ಸದ್ದು ಸಾಮಾನ್ಯವಾಗಿ ಕ್ರಾಸಿನ ಸೂಜಿ ರೋಲರುಗಳು ಒಣಗಿದ್ದರಿಂದ ಬರುತ್ತದೆ. ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಮಣ್ಣಿನ ದಾರಿಯಲ್ಲಿ ಮಳೆಗಾಲದಲ್ಲಿ ಓಡಾಡಿದ ಕಾರುಗಳಲ್ಲಿ ಇದು ಹೆಚ್ಚು. ಮಣ್ಣು ಕ್ರಾಸಿನ ಸುತ್ತ ಅಂಟಿ, ಗಟ್ಟಿಯಾಗಿ, ಸೀಲಿನ ಅಂಚನ್ನು ಉಜ್ಜಿ ಗ್ರೀಸನ್ನು ಹೊರಗೆ ಬಿಡುತ್ತದೆ. ಕಾರು ನಿಂತಿರುವಾಗ, ಚಕ್ರಗಳಿಗೆ ಕಲ್ಲು ಕೊಟ್ಟು, ಶಾಫ್ಟನ್ನು ಎರಡೂ ಕೈಗಳಿಂದ ತಿರುವಿ ನೋಡಬೇಕು. ಯೋಕ್ (ಕ್ರಾಸನ್ನು ಹಿಡಿಯುವ ಕವಲು) ಮತ್ತು ಕ್ರಾಸಿನ ನಡುವೆ ಕಣ್ಣಿಗೆ ಕಾಣುವಷ್ಟು ಪ್ಲೇ ಇದ್ದರೆ ಬದಲಿಸಬೇಕು. ಕ್ರಾಸಿಗಾಗಿ ಶಾಫ್ಟ್ ಬಿಚ್ಚುವ ಮೊದಲು ಫ್ಲ್ಯಾಂಜಿನ ಎರಡೂ ಭಾಗಗಳ ಮೇಲೆ ಗುರುತು ಹಾಕಿಕೊಳ್ಳಬೇಕು. ಜೋಡಿಸುವಾಗ ಎರಡು ತುದಿಯ ಯೋಕುಗಳು ಒಂದೇ ಸಮತಲದಲ್ಲಿ ಬರದಿದ್ದರೆ ಹೊಸ ಕ್ರಾಸ್ ಹಾಕಿಯೂ ಕಂಪನ ಹೆಚ್ಚಾಗುತ್ತದೆ.

ಸ್ಪೀಡೋಮೀಟರ್ ಕೇಬಲ್ ಗೇರ್ ಬಾಕ್ಸಿನ ಬಾಲದಿಂದಲೇ ಹೊರಡುವುದರಿಂದ, ಒಣಗಿದ ಕೇಬಲ್ಲಿನ ಸದ್ದು ಗೇರ್ ಬಾಕ್ಸಿನದೆಂದೇ ತೋರುತ್ತದೆ. ಮುಳ್ಳು ನಡುಗುತ್ತಿದ್ದರೆ ಕೇಬಲ್ ಕಳಚಿ, ತೂತಿಗೆ ಬಟ್ಟೆ ಬಿಗಿದು, ಸ್ವಲ್ಪ ದೂರ ಓಡಿಸಿ ನೋಡಬೇಕು.

ಆಯಿಲ್ ಹೇಳುವ ವಿಷಯ

ಗೇರ್ ಬಾಕ್ಸಿನ ಆಯಿಲ್ ಇಳಿಸುವ ಮುನ್ನ ತುಂಬುವ ಪ್ಲಗ್ ತೆರೆಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಕೆಳಗಿನ ಪ್ಲಗ್ ತೆಗೆದು ಆಯಿಲ್ ಸುರಿದುಹೋದ ಮೇಲೆ ಮೇಲಿನದು ಹಿಡಿದುಕೊಂಡಿದ್ದು ಗೊತ್ತಾದರೆ ಕಾರು ಅಲ್ಲೇ ನಿಲ್ಲುತ್ತದೆ. ಈ ಕಾರಿನ ನಟ್ಟು ಬೋಲ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚಿನ ತಲೆಗೆ 13 ಮಿಲಿಮೀಟರಿನ ಸ್ಪ್ಯಾನರ್ ಹಾಕಿದರೆ ಸಡಿಲವಾಗಿ ಮೂಲೆಗಳು ಉರುಟಾಗುತ್ತವೆ.

ಸ್ವಲ್ಪ ದೂರ ಓಡಿಸಿ ಆಯಿಲ್ ಬಿಸಿಯಿರುವಾಗಲೇ ಅಗಲವಾದ ಪಾತ್ರೆಗೆ ಇಳಿಸಿ, ಬಿಳಿಯ ಹತ್ತಿ ಬಟ್ಟೆಯ ಮೂಲಕ ಸೋಸಬೇಕು. ಬಟ್ಟೆಯ ಮೇಲೆ ಉಳಿದದ್ದನ್ನು ಬಿಸಿಲಿನಲ್ಲಿ ಹರಡಿ, ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಮೆಲ್ಲಗೆ ಆಡಿಸಬೇಕು. ಪ್ಲಗ್ಗಿನ ತುದಿಯಲ್ಲಿ ಬೂದುಬಣ್ಣದ ನುಣ್ಣನೆಯ ಪೇಸ್ಟಿನಂಥ ಪುಡಿ ಅಂಟಿಕೊಂಡಿರುವುದು ಸಹಜವಾದ ಸವೆತ, ಅದಕ್ಕೆ ಚಿಂತಿಸಬೇಕಾಗಿಲ್ಲ. ಅಯಸ್ಕಾಂತಕ್ಕೆ ಅಂಟದೆ ಹೊಂಬಣ್ಣದಲ್ಲಿ ಮಿನುಗುವ ಕಣಗಳು ಹಿತ್ತಾಳೆ ಅಥವಾ ಕಂಚಿನವು: ಸಿಂಕ್ರೋ ಉಂಗುರ, ಬುಷ್ ಅಥವಾ ಥ್ರಸ್ಟ್ ವಾಷರ್ ಸವೆಯುತ್ತಿದೆ. ಅಂಟಿಕೊಳ್ಳುವ ತೆಳುವಾದ ಹೊಪ್ಪಳೆಗಳು ಬೇರಿಂಗಿನ ಮೇಲ್ಮೈ ಕಿತ್ತುಬಂದದ್ದು. ಚೂಪಾದ ಅಂಚಿನ, ದಪ್ಪನೆಯ ಚೂರು ಗೇರಿನ ಹಲ್ಲಿನದು, ಅದು ಸಿಕ್ಕರೆ ಉಳಿದ ಯಾವ ಪರೀಕ್ಷೆಯೂ ಬೇಡ, ಗೇರ್ ಬಾಕ್ಸ್ ಇಳಿಸಲೇಬೇಕು.

ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಇದು ಡಿಫ್ರೆನ್ಷಿಯಲ್ ಇರುವ ಹಿಂದಿನ ಹೌಸಿಂಗಿನಲ್ಲಿ ಹೆಚ್ಚಾಗಿ ಕಾಣುತ್ತದೆ, ಕಾರಣವೂ ನಮ್ಮ ನೆಲದ್ದೇ. ಹೌಸಿಂಗಿನ ಮೇಲೆ ಗಾಳಿಯಾಡಲು ಒಂದು ಸಣ್ಣ ಬ್ರೀದರ್ ಇರುತ್ತದೆ. ಎರಿ ಮಣ್ಣು ಅದನ್ನು ಮುಚ್ಚಿ ಒಣಗಿದರೆ, ಬಿಸಿಯಾದಾಗ ಒಳಗಿನ ಒತ್ತಡ ಆಯಿಲನ್ನು ಸೀಲಿನ ಮೂಲಕ ಬ್ರೇಕ್ ಡ್ರಮ್ಮಿಗೆ ನೂಕುತ್ತದೆ. ಬೆಣ್ಣಿಹಳ್ಳ ತುಂಬಿ ರಸ್ತೆಯ ಮೇಲೆ ನಿಂತ ನೀರಿನಲ್ಲಿ ಅದೇ ಬಿಸಿ ಹೌಸಿಂಗ್ ಮುಳುಗಿದರೆ, ಥಟ್ಟನೆ ತಣ್ಣಗಾಗಿ ನೀರನ್ನು ಒಳಗೆ ಹೀರುತ್ತದೆ. ಹೀಗೆ ಆಯಿಲ್ ಕಳೆದುಕೊಂಡ ಅಥವಾ ನೀರು ಕುಡಿದ ಡಿಫ್ರೆನ್ಷಿಯಲ್ ಕೆಲವೇ ದಿನಗಳಲ್ಲಿ ಕೂಗತೊಡಗುತ್ತದೆ. ತಂತಿಯೊಂದರಿಂದ ಬ್ರೀದರನ್ನು ಸ್ವಚ್ಛ ಮಾಡುವುದು ಎರಡು ನಿಮಿಷದ ಕೆಲಸ.

ಹೊಸ ಆಯಿಲ್ ಹಾಕುವಾಗ ಅಂಗಡಿಯವರು ಕೊಟ್ಟ ಒಂದೇ ಡಬ್ಬಿಯನ್ನು ಗೇರ್ ಬಾಕ್ಸ್ ಮತ್ತು ಡಿಫ್ರೆನ್ಷಿಯಲ್ ಎರಡಕ್ಕೂ ಸುರಿಯಬಾರದು. ಹಿಂದಿನ ಹೈಪಾಯ್ಡ್ ಗೇರುಗಳ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ತಿರುಗುವುದರಿಂದ ಅವಕ್ಕೆ ಹೆಚ್ಚು ಒತ್ತಡ ತಡೆಯುವ, ಜಿಎಲ್-5 ದರ್ಜೆಯ, 90ರ ದಪ್ಪದ ಆಯಿಲ್ ಬೇಕು. ಅದೇ ಆಯಿಲಿನಲ್ಲಿರುವ ಗಂಧಕದ ಸಂಯುಕ್ತಗಳು ಗೇರ್ ಬಾಕ್ಸಿನ ಹಿತ್ತಾಳೆಯ ಸಿಂಕ್ರೋ ಉಂಗುರಗಳಿಗೆ ಒಳ್ಳೆಯದಲ್ಲ. ಗೇರ್ ಬಾಕ್ಸಿಗೆ ಕಾರಿನ ಕೈಪಿಡಿಯಲ್ಲಿ ಹೇಳಿದ ದಪ್ಪದ ಆಯಿಲನ್ನೇ ಹಾಕಬೇಕು. ಸದ್ದು ಅಡಗಿಸಲು ಇನ್ನೂ ದಪ್ಪನೆಯ ಆಯಿಲ್ ಹಾಕುವುದು ಅಥವಾ ಅದರೊಳಗೆ ಗ್ರೀಸ್ ತುಂಬುವುದು ಮಾರುವವರ ಉಪಾಯ; ಹಳೆಯ ಕಾರು ಕೊಳ್ಳುವವರು ಬಿಸಿಯಾದ ಮೇಲೆ ಇನ್ನೊಮ್ಮೆ ಓಡಿಸಿ ಕೇಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಎತ್ತಿ ನಿಲ್ಲಿಸಿ ಕೇಳುವುದು

ಇಷ್ಟಾದರೂ ಸಂಶಯ ಉಳಿದರೆ ಹಿಂದಿನ ಆಕ್ಸಲನ್ನು ಎತ್ತಿ, ಎರಡೂ ಕಡೆ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಮುಂದಿನ ಚಕ್ರಗಳಿಗೆ ಮುಂದೆ ಹಿಂದೆ ಅಡ್ಡ ಕೊಟ್ಟು, ಗೇರಿನಲ್ಲಿ ನಿಧಾನವಾಗಿ ಓಡಿಸಬಹುದು. ಬರೀ ಜಾಕಿನ ಮೇಲೆ ಇದನ್ನು ಮಾಡುವುದು ಪ್ರಾಣಕ್ಕೆ ಎರವು. ಚಕ್ರ ತಿರುಗುತ್ತಿರುವಾಗ ಯಾರೂ ಕಾರಿನ ಅಡಿಗೆ ಹೋಗಬಾರದು. ಬದಿಯಿಂದಲೇ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹೌಸಿಂಗಿಗೆ ತಾಗಿಸಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕೇಳಬೇಕು. ಒಂದೇ ಚಕ್ರ ಎತ್ತಿ ವೇಗವಾಗಿ ತಿರುಗಿಸಿದರೆ ಡಿಫ್ರೆನ್ಷಿಯಲ್ಲಿನಿಂದಾಗಿ ಅದು ಇಮ್ಮಡಿ ವೇಗದಲ್ಲಿ ತಿರುಗಿ ಸ್ಟಾರ್ ಪಿನಿಯನ್ನುಗಳಿಗೆ ಪೆಟ್ಟು ಕೊಡುತ್ತದೆ. ಹೊರೆಯಿಲ್ಲದ ಸ್ಥಿತಿಯಲ್ಲಿ ಕೆಲವು ಸದ್ದುಗಳು ಬರುವುದೇ ಇಲ್ಲ ಎಂಬುದನ್ನೂ ನೆನಪಿಡಬೇಕು, ಆದ್ದರಿಂದ ಇದು ರಸ್ತೆಯ ಪರೀಕ್ಷೆಗೆ ಪೂರಕವಷ್ಟೇ.

ಕೊನೆಗೂ ಗೇರ್ ಬಾಕ್ಸ್ ಇಳಿಸಬೇಕಾಗಿ ಬಂದರೆ, ಹಳೆಯ ಬೇರಿಂಗನ್ನು ಎಸೆಯದೆ ಅದರ ಅಂಚಿನ ಮೇಲಿನ ಅಂಕಿಗಳನ್ನು ಬರೆದುಕೊಂಡು, ಒಳವ್ಯಾಸ, ಹೊರವ್ಯಾಸ ಮತ್ತು ಅಗಲವನ್ನು ವರ್ನಿಯರಿನಲ್ಲಿ ಅಳೆದು ಅಂಗಡಿಗೆ ಒಯ್ಯಬೇಕು. ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ವಿನ್ಯಾಸವಾದ್ದರಿಂದ ಅಳತೆ ಇಂಚಿನಲ್ಲಿರಬಹುದು, 25.4 ಮಿಲಿಮೀಟರಿನ ಶಾಫ್ಟಿಗೆ 25ರ ಬೇರಿಂಗ್ ಕೂರುವುದಿಲ್ಲ, 26ರದ್ದು ಅಲುಗುತ್ತದೆ. ಕ್ರೌನ್ ಮತ್ತು ಪಿನಿಯನ್ ಮಾತ್ರ ಯಾವಾಗಲೂ ಜೋಡಿಯಾಗಿಯೇ ಬದಲಾಗಬೇಕು. ಬೇರೆ ಬೇರೆ ಕಾರುಗಳಿಂದ ತೆಗೆದ ಒಂದೊಂದನ್ನು ಕೂಡಿಸಿದರೆ ಎಷ್ಟು ಶಿಮ್ (ಸಂದು ಸರಿಪಡಿಸುವ ತೆಳು ಬಿಲ್ಲೆ) ಹಾಕಿದರೂ ಕೂಗು ನಿಲ್ಲುವುದಿಲ್ಲ. ಜೋಡಿಸಿದ ನಂತರ ಕೆಲವು ನೂರು ಕಿಲೋಮೀಟರ್ ಹಗುರಾಗಿ ಓಡಿಸಿ, ಆಯಿಲನ್ನು ಮತ್ತೊಮ್ಮೆ ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿ, ಹೊಸದನ್ನು ತುಂಬಬೇಕು.